ಅದಕ್ಕೆ ಗೊತ್ತಾ ಅದು?

ಭಾನುವಾರದಿಂದ ಆ ತಾತನ ಮಾತು ತಲೆಯಿಂದ ಹೋಗುತ್ತಿಲ್ಲ. ತರಕಾರಿ ಹೆಚ್ಚುತ್ತಿದ್ದರೂ ಅದೇ, ಬಸ್ಸಿನಲ್ಲಿ ನಿಂತಿದ್ದರೂ ಅದೇ.

ಹಕ್ಕಿ ನೋಡಲು ಹೆಸರಘಟ್ಟಕ್ಕೆ ಹನ್ನೆರಡು ಜನ ಹೋಗಿದ್ದೆವು. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟ ಕೆರೆ ಅದು. ಏರಿ ಮೇಲೆ ನಿಂತು ನಾಮದ ಕೋಳಿ, ಗುಳುಮುಳುಕ, ರೆಕ್ಕೆ ಒಣಗಿಸುತ್ತಾ ಕೂತ ನೀರುಕಾಗೆ ಎಲ್ಲ ನೋಡಿದ್ದಾಯಿತು. ಆಮೇಲೆ ಹುಲ್ಲುಗಾವಲಿನ ಕಡೆ ನಡೆದೆವು. ನನಗೆ ಕೆರೆಗಿಂತ ಹುಲ್ಲೇ ಜಾಸ್ತಿ ಇಷ್ಟ. ಅಲ್ಲಿ ಹಕ್ಕಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ.

ಪೊದೆಯೊಳಗಿಂದ ಗೌಜಲಕ್ಕಿ ಕೂಗಿತು. ಕತೀತರ್, ಕತೀತರ್. ಹತ್ತು ನಿಮಿಷ ಕಾದರೂ ಹೊರಗೆ ಬರಲಿಲ್ಲ. ಆಗ ನಮ್ಮ ಗುಂಪಿನ ಫೋಟೋಗ್ರಾಫರ್ ಒಬ್ಬರು ಫೋನಿನಲ್ಲಿ ಅದೇ ಕೂಗು ಹಾಕಿ, ಹುಲ್ಲಿನಲ್ಲಿಟ್ಟು ಹಿಂದೆ ಸರಿದರು. ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ದಾರಿಯುದ್ದಕ್ಕೂ ಪ್ಲಾಸ್ಟಿಕ್ ಆರಿಸಿ ಚೀಲಕ್ಕೆ ತುಂಬುವವರು ಅವರೊಬ್ಬರೇ. ತಮ್ಮ ದುಬಾರಿ ದುರ್ಬೀನನ್ನು ಮಕ್ಕಳ ಕೈಗೆ ಕೊಟ್ಟು ಕಲಿಸುವವರೂ ಅವರೇ.

ಹಕ್ಕಿ ತಲೆ ತಗ್ಗಿಸಿ ಓಡಿ ಬಂತು. ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ಮೈತುಂಬ ಸಣ್ಣ ಸಣ್ಣ ಅಡ್ಡಗೆರೆ, ಗಂಟಲ ಹತ್ತಿರ ತಿಳಿ ಹಳದಿ, ಅದರ ಸುತ್ತ ಪೆನ್ನಿನಲ್ಲಿ ಎಳೆದಂಥ ಕಪ್ಪು ಗೆರೆ. ಕತ್ತು ಚಾಚಿ ಕೂಗಿತು. ಫೋನೂ ಕೂಗಿತು. ಹಕ್ಕಿ ಫೋನಿನ ಸುತ್ತ ಒಂದು ಸುತ್ತು ಬಂತು, ನಿಂತು ಹುಲ್ಲಿನೊಳಗೆ ಇಣುಕಿತು, ಮತ್ತೆ ಸುತ್ತು ಬಂತು. ಕೂಗಿದವನು ಎಲ್ಲೂ ಇಲ್ಲ. ಕ್ಯಾಮೆರಾಗಳು ಟಕಟಕ ಅನ್ನುತ್ತಿದ್ದವು. ನನ್ನದೂ.

ಕುರಿ ಮೇಯಿಸುತ್ತಿದ್ದ ತಾತ ಯಾವಾಗ ಹಿಂದೆ ಬಂದು ನಿಂತಿದ್ದರೋ.

"ಗೌಜಲು ಹಿಡಿಯೋರೂ ಹಿಂಗೇ ಮಾಡೋರು ಸ್ವಾಮಿ. ಸಾಕಿದ್ದನ್ನ ಪಂಜರದಾಗಿಟ್ಟು ಕೂಗ್ಸೋರು. ಜಗಳಕ್ಕೆ ಬಂದಿದ್ದು ಉರುಲಿಗೆ ಬೀಳೋದು."

"ನಾವು ಹಿಡಿಯಲ್ಲ ತಾತ, ಬರೀ ಫೋಟೋ."

"ಅದಕ್ಕೆ ಗೊತ್ತಾ ಅದು?"

ಅಷ್ಟೇ. ಕೋಲು ಹೆಗಲಿಗೇರಿಸಿ ಕುರಿಗಳ ಹಿಂದೆ ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದೆ ಕೇಳಿದ ಹಾಗೇ ಇತ್ತು.

ಬಲೆ, ಉರುಲು ಹಾಕುವವರನ್ನು ಬೈಯುತ್ತಲೇ ಹಕ್ಕಿ ನೋಡಲು ಕಲಿತವಳು ನಾನು. ಆದರೆ ಆ ಗೌಜಲಕ್ಕಿಯ ಕಡೆಯಿಂದ ನೋಡಿದರೆ, ಉರುಲು ಬೀಳುವವರೆಗೆ ಎರಡೂ ಒಂದೇ ಅಲ್ವಾ? ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ನಂಬಿ, ಮೇವು ಬಿಟ್ಟು, ಮರೆ ಬಿಟ್ಟು ಬಯಲಿಗೆ ಬಂತು. ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿ. ಅಲ್ಲಿ ಬೀದಿನಾಯಿಗಳು ಬೇರೆ. ನಾವು ಹೋದಮೇಲೂ ಎಷ್ಟು ಹೊತ್ತು ಹುಡುಕಿತೋ. ಮುಂದಿನ ವಾರ ಇನ್ನೊಂದು ಗುಂಪು ಬಂದು ಅದೇ ಪೊದೆಯ ಮುಂದೆ ಅದೇ ಕೂಗು ಹಾಕಿದರೆ?

ಇಲ್ಲಿ ಫಿಲ್ಮ್ ಸಿಟಿ ಕಟ್ಟೋದು ಬೇಡ, ಹುಲ್ಲುಗಾವಲು ಉಳಿಯಲಿ ಅಂತ ನಾವು ಸಹಿ ಹಾಕಿದ್ದೆವು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇದನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿದಾಗ ನಮ್ಮ ಗುಂಪಿನಲ್ಲಿ ಹಬ್ಬ. ಕಟ್ಟಡ ಕಟ್ಟುವವರಿಂದ, ಕಸ ಸುರಿಯುವವರಿಂದ ಕಾಪಾಡಬೇಕು ಅನ್ನುತ್ತಿದ್ದೆವು. ನಮ್ಮಿಂದಲೂ ಅಂತ ಯಾರಿಗೂ ಹೊಳೆದಿರಲಿಲ್ಲ. ಕುರಿಯವರನ್ನು ಮಾತ್ರ "ಅತ್ತ ಹೋಗ್ರಿ, ಹಕ್ಕಿ ಹೆದರ್ತವೆ" ಅಂತ ನಮ್ಮವರೇ ಗದರಿದ್ದನ್ನು ಕೇಳಿದ್ದೇನೆ. ಅದು ನನಗೆ ಆಗಲೂ ಸರಿ ಅನಿಸಿರಲಿಲ್ಲ.

ನಾನು ಹಕ್ಕಿ ನೋಡಲು ಕಲಿತದ್ದು ಲಾಲ್‌ಬಾಗಿನಲ್ಲಿ, ತಿಂಗಳ ಎರಡನೇ ಭಾನುವಾರದ ನಡಿಗೆಗಳಲ್ಲಿ. ಪಕ್ಕದಲ್ಲಿ ನಡೆಯುತ್ತಿದ್ದ ಹಿರಿಯರೊಬ್ಬರು ಹಕ್ಕಿ ಕಾಣದಿದ್ದರೆ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ "ಕೇಳಿದ್ದು" ಅಂತ ಬರೆದು ಮುಂದೆ ಹೋಗುತ್ತಿದ್ದರು. ಮುಖದಲ್ಲಿ ಏನೂ ಕಳೆದುಕೊಂಡ ಬೇಜಾರು ಇರುತ್ತಿರಲಿಲ್ಲ.

ರಾತ್ರಿ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಕೊಕ್ಕು ತೆರೆದ ಗೌಜಲಕ್ಕಿ, ಬೆಳಗಿನ ಬೆಳಕು, ಒಂದೊಂದು ಗೆರೆಯೂ ಸ್ಪಷ್ಟ. ನಿಜಕ್ಕೂ ಚೆನ್ನಾಗಿದೆ. ಎಲ್ಲರೂ ಹಾರ್ಟ್ ಒತ್ತಿದ್ದರು. ನಾನು ಎರಡು ದಿನ ಸುಮ್ನೆ ಇದ್ದು, ಬುಧವಾರ ಬರೆದೆ: "ಮುಂದಿನ ಸಲ ಯಾರೂ ಕೂಗು ಹಾಕೋದು ಬೇಡ. ಕಾಯೋಣ, ಬರದಿದ್ದರೆ ಕೇಳಿಕೊಂಡು ಬರೋಣ."

ಎಲ್ಲರೂ ಓದಿದ್ದಾರೆ. ಫೋಟೋ ತೆಗೆದವರು ಒಬ್ಬರೇ ಉತ್ತರ ಕೊಟ್ಟರು. "ಆ ತಾತ ಯಾವ ಊರಿನವರು ಅಂತ ಕೇಳಿದ್ರಾ ಮೇಡಂ?"

ಕೇಳಿರಲಿಲ್ಲ.