ಮಳೆ ನಿಂತ ಹತ್ತು ನಿಮಿಷ

ಮಡಿಕೇರಿಯ ಕಕ್ಕಡ ಮಾಸದ ಮಳೆಯಲ್ಲಿ ಕಂಪ್ಯೂಟರಿಗೆ ಸದ್ದು ಮಾಡದ ಕೂಲರ್ ಕೊಂಡ ಜಾಣ ನಾನೊಬ್ಬನೇ ಇರಬೇಕು. ಶೀಟಿನ ಮೇಲೆ ಮಳೆ ಬಡಿಯುವಾಗ ಪಕ್ಕದವರ ಮಾತೇ ಕೇಳಿಸುವುದಿಲ್ಲ, ಇನ್ನು ಫ್ಯಾನ್ ಯಾವ ಲೆಕ್ಕ!

ಆದರೂ ಕೊಂಡೆ. ಪ್ರೊಸೆಸರ್ ಜೊತೆಗೆ ಬಂದಿದ್ದ ಪುಟ್ಟ ಫ್ಯಾನ್ ವಿಡಿಯೊ ರೆಂಡರ್ ಆಗುವಾಗಲೆಲ್ಲ, ಅಂದರೆ ಎಡಿಟ್ ಮಾಡಿದ್ದು ಪೂರ್ತಿ ಫೈಲಾಗುವಾಗಲೆಲ್ಲ, ಕಾಫಿ ಹಣ್ಣು ಸುಲಿಯುವ ಪಲ್ಪರ್‌ನಂತೆ ಅರಚುತ್ತಿತ್ತು. ಈಗ ಬಂದಿರುವುದು ಆಸ್ಟ್ರಿಯಾದ ನಾಕ್ಟುವಾ ಎನ್‌ಎಚ್‌-ಡಿ15. ಫ್ಯಾನ್‌ಗಳೂ ಸೇರಿ 1,320 ಗ್ರಾಂ ತೂಕ, 165 ಮಿ.ಮೀ. ಎತ್ತರ. ಕೇಸಿನ ಬಾಗಿಲು ಮುಚ್ಚುವಾಗ ಉಸಿರು ಬಿಗಿಹಿಡಿದಿದ್ದೆ. ಡಬ್ಬ ತೆರೆದಾಗ ಅವ್ವ ಇಣುಕಿ, ‘ಇದೇನು, ಬೈಕಿನ ಎಂಜಿನ್ನೇ?’ ಎಂದಳು. ಫ್ಯಾನಿನ ಬಣ್ಣ ಹಾಲು ಬೆರೆತ ಕಾಫಿಯದು. ಆ ಮಟ್ಟಿಗೆ ನಮ್ಮೂರಿನದೇ.

ಒಳಗಿನ ಕೆಲಸ ನನಗೆ ಬಹಳ ಹಿಡಿಸಿತು. ಆರು ತಾಮ್ರದ ಕೊಳವೆಗಳಲ್ಲಿ ತುಸುವೇ ದ್ರವ. ಪ್ರೊಸೆಸರ್ ಕಾದರೆ ಅದು ಆವಿಯಾಗಿ ತಗಡಿನ ಹಾಳೆಗಳತ್ತ ಏರುತ್ತದೆ, ಅಲ್ಲಿ ಬಿಸಿ ಬಿಟ್ಟು ಹನಿಯಾಗಿ ಮರಳುತ್ತದೆ. ಹೊರಗೆ ಬ್ರಹ್ಮಗಿರಿಯ ಮೋಡ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಫ್ಯಾನ್‌ಗಳು 140 ಮಿ.ಮೀ. ಅಗಲ. ದೊಡ್ಡ ರೆಕ್ಕೆ ನಿಧಾನ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತದೆ, ಹಾಗಾಗಿ ಗದ್ದಲವಿಲ್ಲ. ಗಾಳಿ ಕೂಲರ್ ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು ನಿಜ. ಆದರೆ ಈ ಚಳಿಯಲ್ಲಿ ಅರ್ಧ ಕೆಲಸ ಕೋಣೆಯೇ ಮಾಡಿಬಿಡುತ್ತದೆ.

ನಿನ್ನೆ ರಾತ್ರಿ ಮಳೆ ಹತ್ತು ನಿಮಿಷ ನಿಂತಿತು. ರೆಂಡರ್ ಓಡುತ್ತಲೇ ಇತ್ತು. ಕೇಳಿಸಿದ್ದು ಸೂರಿನ ಹನಿ, ಗದ್ದೆಯ ಕಪ್ಪೆ ಮಾತ್ರ.

‘ಕಂಪ್ಯೂಟರ್ ಕೆಟ್ಟಿತೇ?’ ಎಂದು ಅವ್ವ ಅಡುಗೆಮನೆಯಿಂದ ಕೂಗಿದಳು.