ಫೇರ್‌ಹೋಪ್: ಮನೆ ನಿಮ್ಮದು, ನೆಲ ಊರಿನದು

ನ್ಯೂ ಆರ್ಲಿಯನ್ಸ್ ನೋಡಿ ಫ್ಲೋರಿಡಾದ ಬೀಚಿಗೆ ಹೊರಟಿದ್ದೀರಾ? ನಡುವೆ ಅಲಬಾಮಾದ ಫೇರ್‌ಹೋಪ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಮೊಬೀಲ್ ಕೊಲ್ಲಿಯ ಪೂರ್ವ ದಡದ ಊರು. ಮೊಬೀಲ್‌ನಿಂದ ಸುಮಾರು ಅರ್ಧ ಗಂಟೆ. ಬಸ್ಸು ನೆಚ್ಚಿಕೊಳ್ಳಬೇಡಿ, ಕಾರು ಬೇಕೇ ಬೇಕು.

ಈ ಊರು ಹುಟ್ಟಿದ್ದು ಒಂದು ವಾದದಿಂದ. ಜಾಗದ ಬೆಲೆ ಏರುವುದು ಸುತ್ತ ಜನ ಸೇರಿದ್ದರಿಂದ, ಒಡೆಯ ದುಡಿದದ್ದರಿಂದಲ್ಲ. ಅದಕ್ಕೇ ತೆರಿಗೆ ನೆಲದ ಮೇಲೆ ಮಾತ್ರ ಇರಲಿ ಅಂದವರು ಅಮೆರಿಕದ ಅರ್ಥಚಿಂತಕ ಹೆನ್ರಿ ಜಾರ್ಜ್. ಅದನ್ನು ಮಾಡಿ ತೋರಿಸಲು ಅಯೋವಾದ ಪತ್ರಕರ್ತ ಇ. ಬಿ. ಗ್ಯಾಸ್ಟನ್ ಸಣ್ಣ ಗುಂಪು ಕಟ್ಟಿಕೊಂಡು 1894ರ ನವೆಂಬರ್‌ನಲ್ಲಿ ಇಲ್ಲಿಗೆ ಬಂದರು. ನೆಲ ಈ ಗುಂಪು ಕಟ್ಟಿದ ಸಂಘದ್ದು, ಕಟ್ಟಿದ ಮನೆ ನಿಮ್ಮದು, 99 ವರ್ಷದ ಗುತ್ತಿಗೆ. ನೀವು ಕೊಟ್ಟ ಬಾಡಿಗೆಯಿಂದ ಸಂಘವೇ ತೆರಿಗೆ ಕಟ್ಟುತ್ತದೆ. ಇವತ್ತಿಗೂ ಸುಮಾರು 4,000 ಎಕರೆ ಸಂಘದ ಕೈಯಲ್ಲಿದೆ. ಸೈಟಿಗೆ ಪ್ರಾಣ ಬಿಡುವ ನಮಗೆ ಇದು ವಿಚಿತ್ರ, ಅಲ್ವಾ?

ಇದರ ಫಲ ನೋಡಬೇಕಾದರೆ ಸಂಜೆ ಪಿಯರ್‌ಗೆ, ಅಂದರೆ ನೀರಿನ ಮೇಲೆ ಕಟ್ಟಿದ ಕಟ್ಟೆಗೆ ಹೋಗಿ. ಕೊಲ್ಲಿಯೊಳಕ್ಕೆ ಕಾಲು ಮೈಲಿ ಚಾಚಿಕೊಂಡಿದೆ. ಬಕೆಟ್ ಪಕ್ಕಕ್ಕಿಟ್ಟು ಗಾಳ ಹಾಕಿದವರು, ಐಸ್‌ಕ್ರೀಮ್ ಸೋರಿಸಿಕೊಂಡು ಓಡುವ ಮಕ್ಕಳು. ಈ ಕೊಲ್ಲಿಯ ಸುತ್ತ ಹೆಚ್ಚಿನ ದಂಡೆ ಯಾರದೋ ಮನೆಯ ಹಿತ್ತಲು. ಇಲ್ಲಿ ದಂಡೆ, ಮೇಲಿನ ದಿಬ್ಬ, ಓಕ್ ಮರಗಳ ಪಾರ್ಕು ಎಲ್ಲರದು. 1930ರ ದಶಕದಲ್ಲಿ ಸಂಘ ಅದನ್ನು ನಗರಕ್ಕೆ ಬಿಟ್ಟುಕೊಟ್ಟಿತು. ನನ್ನ ಮಟ್ಟಿಗೆ ಇಡೀ ಪ್ರಯೋಗದಲ್ಲಿ ಗೆದ್ದದ್ದು ಇದೊಂದೇ.

ಹಾಗಂತ ರಾಮರಾಜ್ಯ ಅಂದುಕೊಳ್ಳಬೇಡಿ. ಸಮಾನ ಅವಕಾಶ ಅಂದವರೇ ಕರಿಯರನ್ನು ಹತ್ತಿರ ಸೇರಿಸಲಿಲ್ಲ. ಈಗಂತೂ ಇಲ್ಲಿ ಮನೆ ಕೊಳ್ಳುವುದು ದುಡ್ಡಿದ್ದವರಿಗೇ ಸರಿ.

ಸೆಕ್ಷನ್ ಸ್ಟ್ರೀಟಿನ ಹಳೇ ನಗರಸಭೆ ಕಟ್ಟಡದ ಮ್ಯೂಸಿಯಂ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಟೀಚರುಗಳು ಮಾತ್ರ ಬೆಲ್ ಬಿಲ್ಡಿಂಗ್ ಬಿಡಬೇಡಿ. ಮರಿಯೆಟ್ಟಾ ಜಾನ್ಸನ್ 1907ರಲ್ಲಿ ತೆರೆದ ಶಾಲೆಯ ನೆನಪಿನ ಮ್ಯೂಸಿಯಂ ಅಲ್ಲಿದೆ. ಪರೀಕ್ಷೆ ಇಲ್ಲ, ಅಂಕ ಇಲ್ಲ. ಕುಣಿತ, ಮರಗೆಲಸ ಪಾಠದಷ್ಟೇ ಮುಖ್ಯ.

ಬೇಸಿಗೆಯಲ್ಲಿ ಸೆಕೆ ಜಾಸ್ತಿ, ಚಂಡಮಾರುತದ ಭಯವೂ ಇದೆ. ವಸಂತವೇ ವಾಸಿ. ಆದರೆ ‘ಜುಬಿಲಿ’ ಆಗುವುದು ಬೇಸಿಗೆಯಲ್ಲೇ: ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಏಡಿ, ಮೀನು ಬೆಳಗಿನ ಜಾವ ದಡಕ್ಕೆ ಬಂದು ಗುಂಪುಗುಂಪಾಗಿ ಬೀಳುತ್ತವೆ. ಎಂದು ಆಗುತ್ತದೆಂದು ಹೇಳಲಾಗದು, ಅದನ್ನೇ ನಂಬಿ ಟಿಕೆಟ್ ಮಾಡಬೇಡಿ.

ಹೊರಡುವಾಗ ಪಕ್ಕದ ಮಾಂಟ್ರೋಸ್‌ನಲ್ಲಿ, ಒಂಟಿಯಾಗಿ ಬಾಳಿದ ಹೆನ್ರಿ ಸ್ಟುವರ್ಟ್ ಎಂಬಾತ ತಾನೇ ಕಟ್ಟಿಕೊಂಡ ದುಂಡನೆಯ ಕಾಂಕ್ರೀಟ್ ಗುಡಿಸಲಿಗೆ ಹೋಗಿ. ಈಗ ಅದರ ಸುತ್ತ ಆಫೀಸುಗಳ ಪಾರ್ಕಿಂಗ್ ಇದೆ, ಗಾಡಿ ನಿಲ್ಲಿಸಲು ತೊಂದರೆಯಿಲ್ಲ.