ಅಪ್ಪಯ್ಯ ಮತ್ತು ಪಪನಸ್

ಗಣಪತಿ ವಿಸರ್ಜನೆ ಮುಗಿದು ನಾಲ್ಕು ದಿನ ಆಗಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಬಿಲ್ಡಿಂಗಿನ ಒಬ್ಬರು ಫೋನ್ ಮಾಡಿದರು. 'ನಿಮ್ಮ ತಂದೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಕೂತಿದ್ದಾರೆ. ಸ್ವಲ್ಪ... ಬಂದು ಕರ್ಕೊಂಡು ಹೋಗಿ.' ಆ 'ಸ್ವಲ್ಪ'ದ ನಂತರ ಏನಿತ್ತು ಅಂತ ಹೋದ ಮೇಲೆ ಗೊತ್ತಾಯಿತು.

ಸೇತುವೆ ಮೆಟ್ಟಿಲ ಕೆಳಗೆ ಕಂಬಕ್ಕೆ ಒರಗಿ ಕೂತಿದ್ದರು. ಟಿಫಿನ್ ಚೀಲ ಮಡಿಲಲ್ಲಿ. ಎದ್ದು ನಿಂತರೆ ಎಡಕ್ಕೆ ವಾಲುತ್ತಿದ್ದರು, ಮಾತು ತೊದಲುತ್ತಿತ್ತು. 'ಗಾಡಿ ಎರಡೆರಡು ಕಾಣ್ತದೆ' ಅಂದರು. ಪಕ್ಕದಲ್ಲಿದ್ದ ಹೆಂಗಸು ಸೆರಗು ಎಳೆದುಕೊಂಡು ದೂರ ಸರಿದು, 'ದಾರೂ ಪ್ಯಾಯ್ಲಾಯ್' ಅಂದಳು. ಬೆಳಿಗ್ಗೆ ಬೆಳಿಗ್ಗೆ ಕುಡಿದಿದ್ದಾನೆ ಅಂತ.

ಅಪ್ಪಯ್ಯ ಜನ್ಮದಲ್ಲಿ ಕುಡಿದವರಲ್ಲ. ಕುಂದಾಪುರದಿಂದ ಹದಿನೇಳಕ್ಕೆ ಮುಂಬಯಿಗೆ ಬಂದು ಫೋರ್ಟಿನ ಕ್ಯಾಂಟೀನಿನಲ್ಲಿ ಪ್ಲೇಟು ತೊಳೆದು, ಆಮೇಲೆ ಗಲ್ಲಾ ಹಿಡಿದವರು. ಅರವತ್ತನಾಲ್ಕಾದರೂ ಲೆಕ್ಕ ಬರೆಯಲು ದಿನಾ ಹೋಗುತ್ತಾರೆ. ಇದೆಲ್ಲ ಗೊತ್ತಿದ್ದೂ, ರಿಕ್ಷಾ ಹತ್ತಿಸುವಾಗ ನಾನು ಅವರ ಬಾಯಿಯ ಹತ್ತಿರ ಬಗ್ಗಿ ವಾಸನೆ ನೋಡಿದೆ. ಅವರಿಗೆ ಗೊತ್ತಾಯಿತು.

'ಎಂತದಾ, ವಾಸ್ನಿ ಕಾಂತ್ಯಾ?'

ನಾನು ಏನೂ ಹೇಳಲಿಲ್ಲ. ಚಹಾದ ವಾಸನೆ ಬಂತು, ಅಷ್ಟೇ.

ಅಪ್ಪಯ್ಯನಿಗೆ ಫಿಟ್ಸ್ ಇದೆ. ಕಾರ್ಬಮಜೆಪಿನ್ ಮಾತ್ರೆ ನುಂಗಲು ಶುರು ಮಾಡಿ ಮೂವತ್ತು ವರ್ಷ. ಮಾತ್ರೆ ತಪ್ಪಿಸಿಲ್ಲ, ಫಿಟ್ಸೂ ಬಂದಿಲ್ಲ. ಆದರೆ ಇದು ಮನೆಯ ನಾಲ್ಕು ಗೋಡೆಯೊಳಗಿನ ಮಾತು. ಕ್ಯಾಂಟೀನಿನಲ್ಲಿ ಗೊತ್ತಾದರೆ ಒಲೆಯ ಹತ್ತಿರ ಬಿಡುವುದಿಲ್ಲ, ಊರಲ್ಲಿ ಗೊತ್ತಾದರೆ ತಂಗಿಯರ ಮದುವೆ ಆಗುವುದಿಲ್ಲ ಅಂತ ಮುಚ್ಚಿಟ್ಟಿದ್ದು, ತಂಗಿಯರಿಗೆ ಮೊಮ್ಮಕ್ಕಳಾದರೂ ಮುಚ್ಚಿಟ್ಟಿದ್ದೇ. ಮೂರು ವಾರದ ಹಿಂದೆ ನಡೆದರೆ ಎದೆ ಹಿಡಿಯುತ್ತದೆ ಅಂತ ಹಾರ್ಟ್ ಡಾಕ್ಟರ ಹತ್ತಿರ ಹೋಗಿದ್ದೆವು. 'ಬೇರೆ ಏನಾದರೂ ಮಾತ್ರೆ ಇದೆಯಾ?' ಅಂತ ಅವರು ಕೇಳಿದರು. ಅಪ್ಪಯ್ಯ 'ಇಲ್ಲ' ಅಂದರು. ಪಕ್ಕದಲ್ಲೇ ಕೂತ ನಾನೂ ಸುಮ್ಮನಿದ್ದೆ. ಎದೆಗೂ ತಲೆಗೂ ಏನು ಸಂಬಂಧ, ಅಲ್ವಾ? ಅವರು ಡಿಲ್ಟಿಯಾಜೆಮ್ ಬರೆದರು. ಹಾರ್ಟಿಗೆ ನೀಲಿ ಫೈಲು, ಫಿಟ್ಸಿಗೆ ಕೆಂಪು ಫೈಲು.

ರಿಕ್ಷಾದಿಂದ ನೇರ ನರರೋಗದ ಡಾಕ್ಟರ ಹತ್ತಿರ ಹೋದೆವು. ಅವರ ಮೊದಲ ಪ್ರಶ್ನೆಯೇ 'ಡ್ರಿಂಕ್ಸ್ ತಗೋತೀರಾ?' ಅಪ್ಪಯ್ಯ ಮುಖ ತಿರುಗಿಸಿದರು. ಡಾಕ್ಟರಿಗೆ ಅದು ಬೈಗುಳವಲ್ಲ. ಈ ಮಾತ್ರೆಯ ಜೊತೆ ಸಾರಾಯಿ ಸೇರಿದರೆ ಮಂಪರು, ತೂರಾಟ ಜಾಸ್ತಿಯಾಗುತ್ತದೆ. ದಿನಾ ವಿಪರೀತ ಕುಡಿಯುವವರು ತಟ್ಟನೆ ಬಿಟ್ಟರೂ ಫಿಟ್ಸ್ ಬರಬಹುದು. ಕೇಳಲೇಬೇಕು. ಎರಡನೇ ಪ್ರಶ್ನೆ, 'ಹೊಸ ಮಾತ್ರೆ ಏನಾದರೂ?' ನಾನು ನೀಲಿ ಫೈಲಿನ ಚೀಟಿಯ ಫೋಟೋ ತೋರಿಸಿದೆ. ಅವರು ಪೆನ್ನು ಕೆಳಗಿಟ್ಟರು.

ರಕ್ತ ಪರೀಕ್ಷೆಯಲ್ಲಿ ಕಾರ್ಬಮಜೆಪಿನ್ ಮಟ್ಟ 16 ಬಂತು. ಇರಬೇಕಾದ್ದು 4ರಿಂದ 12. ಮಾತ್ರೆ ಒಂದೂ ಜಾಸ್ತಿ ನುಂಗಿರಲಿಲ್ಲ. ಕಾರ್ಬಮಜೆಪಿನ್ನನ್ನು ಕರಗಿಸಿ ಹೊರಹಾಕುವ ಕಿಣ್ವವನ್ನೇ ಡಿಲ್ಟಿಯಾಜೆಮ್ ತಡೆದಿತ್ತು. ಅಪ್ಪಯ್ಯ ಇದನ್ನು ಆಮೇಲೆ ತಮ್ಮ ಭಾಷೆಯಲ್ಲಿ ಅಮ್ಮನಿಗೆ ಹೇಳಿದರು: 'ಪ್ಲೇಟು ಬರುವುದು ಅಷ್ಟೇ. ತೊಳೆಯುವ ಹುಡುಗನ ಕೈ ಕಟ್ಟಿಹಾಕಿದ್ದಾರೆ. ರಾಶಿ ಬೀಳದೆ ಏನಾಗ್ತದೆ?'

ಡಾಕ್ಟರು ಮೂರನೆಯದನ್ನೂ ಕೇಳಿದರು. ಹಬ್ಬದಲ್ಲಿ ಏನು ತಿಂದಿರಿ? ಎದುರು ಮನೆಯ ಮಾವಶಿ ವಿಸರ್ಜನೆ ಆದ ಮೇಲೆ ನಾಲ್ಕು ಪಪನಸ್ ಕೊಟ್ಟಿದ್ದರು, ನಮ್ಮ ಚಕ್ಕೋತ. ಹಬ್ಬಕ್ಕೆ ದಾದರ್ ಮಾರ್ಕೆಟ್ ತುಂಬ ಅದೇ. ಅಪ್ಪಯ್ಯ ಅದರ ಭಕ್ತರು. ದಪ್ಪ ಸಿಪ್ಪೆ ಸೀಳಿ, ತೊಳೆಯ ಮೇಲಿನ ಬಿಳಿ ಪೊರೆಯನ್ನು ಚೂರೂ ಉಳಿಯದ ಹಾಗೆ ಎಳೆದು, ಉಪ್ಪು, ಖಾರದ ಪುಡಿ ಹಾಕಿ ದಿನಾ ಅರ್ಧ ಹಣ್ಣು ಮುಗಿಸುತ್ತಿದ್ದರು. ಅದೂ ಕರುಳಿನಲ್ಲಿ ಅದೇ ಕಿಣ್ವವನ್ನು ಕೆಡಿಸುತ್ತದಂತೆ. ಮುಖ್ಯ ಅಪರಾಧಿ ಮಾತ್ರೆಯೇ, ಹಣ್ಣು ಹಿಂದಿನಿಂದ ನೂಕಿದ್ದು.

'ಬೆಳಿಗ್ಗೆ ಮಾತ್ರೆ, ಸಂಜೆ ಹಣ್ಣು ಆದರೆ?' ಅಪ್ಪಯ್ಯ ಚೌಕಾಸಿಗೆ ಇಳಿದರು. ಆಗುವುದಿಲ್ಲ. ಕೆಟ್ಟ ಕಿಣ್ವ ರಿಪೇರಿಯಾಗುವುದಿಲ್ಲ, ದೇಹ ಹೊಸದು ಮಾಡಬೇಕು. ಹಣ್ಣಿನ ಪ್ರಭಾವ ಒಂದು ದಿನಕ್ಕೂ ಮೀರಿ ಇರುತ್ತದೆ. ಕಿತ್ತಳೆ ತಿನ್ನಿ ಅಂದರು.

ಈ ಗುಟ್ಟು ಬಯಲಾದ ಕತೆ ಆಮೇಲೆ ಓದಿ ನಗು ಬಂತು. ಕೆನಡಾದಲ್ಲಿ ಲಂಡನ್ ಅಂತ ಒಂದು ಊರಿದೆ. ಅಲ್ಲಿ ಡೇವಿಡ್ ಬೈಲಿ ಎಂಬವರ ತಂಡ ಫೆಲೋಡಿಪಿನ್ ಎಂಬ ಬಿಪಿ ಮಾತ್ರೆಗೂ ಮದ್ಯಕ್ಕೂ ಆಗಿಬರುತ್ತದಾ ಅಂತ ನೋಡುತ್ತಿತ್ತು. ಮದ್ಯದ ರುಚಿ ಗೊತ್ತಾಗಬಾರದು ಅಂತ ಗ್ರೇಪ್‌ಫ್ರೂಟ್ ರಸದಲ್ಲಿ ಬೆರೆಸಿ ಕೊಟ್ಟರು. ನೋಡಿದರೆ ರಕ್ತದಲ್ಲಿ ಮದ್ದು ನಿರೀಕ್ಷೆಗಿಂತ ಎಷ್ಟೋ ಪಟ್ಟು ಜಾಸ್ತಿ. ಮದ್ಯ ಇಲ್ಲದೆ ಬರೀ ರಸ ಕುಡಿದಾಗಲೂ ಅಷ್ಟೇ! 1989ರಲ್ಲಿ ಇದು ಹೊರಬಂತು. ಗ್ರೇಪ್‌ಫ್ರೂಟ್ ಅಂದರೆ ಚಕ್ಕೋತ ಮತ್ತು ಕಿತ್ತಳೆಯ ಮಗು. ಅಲ್ಲೂ ಹೆಸರು ಕೆಟ್ಟದ್ದು ಮೊದಲು ಕುಡಿತದ್ದು, ಕೆಲಸ ಹಣ್ಣಿನದು.

ಫಿಟ್ಸ್ ಮಾತ್ರೆಯನ್ನು ನಾವಾಗಿ ನಿಲ್ಲಿಸಲೇಬಾರದು ಅಂತ ಖಡಕ್ಕಾಗಿ ಹೇಳಿ, ಡಾಕ್ಟರು ಅಲ್ಲಿಂದಲೇ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿದರು. ಡಿಲ್ಟಿಯಾಜೆಮ್ ಹೋಗಿ ಬೇರೆ ಗುಂಪಿನ ಮಾತ್ರೆ ಬಂತು. ವಾರದಲ್ಲಿ ಅಪ್ಪಯ್ಯನಿಗೆ ಗಾಡಿ ಒಂದೇ ಕಂಡಿತು. ಹಾರ್ಟ್ ಡಾಕ್ಟರು ನಮ್ಮನ್ನು ಬೈಯಲಿಲ್ಲ. ಕಾರ್ಬಮಜೆಪಿನ್ ತಾನೂ ಸುಮ್ಮನಿರುವುದಿಲ್ಲ, ಕೆಲವು ಹಾರ್ಟ್ ಮಾತ್ರೆಗಳನ್ನು, ರಕ್ತ ತೆಳು ಮಾಡುವ ಮಾತ್ರೆಗಳನ್ನು ಬೇಗ ಕರಗಿಸಿ ಅವುಗಳ ಬಲ ಇಳಿಸುತ್ತದೆ, ಮೊದಲೇ ಹೇಳಿದ್ದರೆ ಬೇರೆಯೇ ಬರೆಯುತ್ತಿದ್ದೆ ಅಂದರು. ನಾನು ನೆಲ ನೋಡುತ್ತಾ ಕೂತೆ. ಈಗ ಫೈಲು ಒಂದೇ.

ಈ ವರ್ಷವೂ ಮಾವಶಿ ಪಪನಸ್ ತಂದರು. ಬಾಗಿಲು ತೆಗೆದದ್ದು ಅಪ್ಪಯ್ಯ. 'ಮಲಾ ಫಿಟ್‌ಚೀ ಗೋಳಿ ಚಾಲೂ ಆಹೇ, ಪಪನಸ್ ಚಾಲತ್ ನಾಹೀ' ಅಂದರು. ಫಿಟ್ಸಿನ ಮಾತ್ರೆ ಇದೆ, ಇದು ಆಗಲ್ಲ ಅಂತ. ಒಳಗಿದ್ದ ಅಮ್ಮನ ಕೈಯ ಸೌಟು ನಿಂತಿತು. ಮಾವಶಿ 'ಹೋ ಕಾ?' ಅಂದು, ಹಾಗಾದರೆ ಮೊಮ್ಮಗಳಿಗೆ ಕೊಡಿ ಅಂತ ಹಣ್ಣು ಕೈಗಿಟ್ಟು ಹೋದರು.

ಅಪ್ಪಯ್ಯ ಪೇಪರ್ ಹಾಸಿ ಕೂತು ಸಿಪ್ಪೆ ಸೀಳಿದರು. ಬಿಳಿ ಪೊರೆ ಎಳೆದೆಳೆದು ತೆಗೆದು, ಉಪ್ಪು ಹಾಕಿ ನನ್ನ ಮಗಳಿಗೆ ಒಂದೊಂದೇ ತೊಳೆ ಕೊಟ್ಟರು. ಆಮೇಲೆ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡರು.